ಪೆನ್ಸಿಲ್ ಪ್ರತಿ

ಬೆಳಗ್ಗೆ ಏಳು ಇಪ್ಪತ್ತಕ್ಕೆ ಸುದ್ದಿ ಬಂತು. ಮುಂಚೂಣಿಯ ಠಾಣೆಗೆ ಸಾಮಾನು ಒಯ್ಯುತ್ತಿದ್ದ ಆರು ಲಾರಿಗಳಲ್ಲಿ ಮೊದಲನೆಯದು ಐದು ನಲವತ್ತಕ್ಕೆ ಕಂದಕಕ್ಕೆ ಬಿದ್ದಿದೆ. ಚಾಲಕನ ಎರಡೂ ಕಾಲು ಎಂಜಿನ್ನಿನಡಿ ಸಿಕ್ಕಿಕೊಂಡಿದ್ದವು. ಅವನನ್ನು ಹೊರಗೆಳೆಯಲು ಐವತ್ತು ನಿಮಿಷ ಹಿಡಿಯಿತು. ಜೀವಕ್ಕೆ ಅಪಾಯವಿಲ್ಲ. ಎಡಗಾಲು ಉಳಿಯುವುದು ಅನುಮಾನ.

ಫೋನು ತೆಗೆದವನು ಅಲ್ಲಿನ ಎಲ್ಲರಿಗಿಂತ ಹಳೆಯ ಸಿಪಾಯಿ, ಪೆನ್ಸಿಲ್ ಮಾಮ. ಆ ಕಡೆಯವರು ಹೇಳಿದ್ದನ್ನೆಲ್ಲ ಅಭ್ಯಾಸದಂತೆ ಪೆನ್ಸಿಲಿನಲ್ಲಿ ಬರೆದುಕೊಂಡ, ಪಕ್ಕದಲ್ಲಿ ಗಂಟೆ ಹಾಕಿದ, ಫೋನು ಇಟ್ಟ. ಆಮೇಲೆ ಕಿಟಕಿಯಿಲ್ಲದ ಆ ಕೋಣೆಯ ಇನ್ನೊಂದು ಮೇಜಿನ ಕಡೆ ತಿರುಗಿ, ಹವಾಮಾನ ವರದಿ ಓದುವವನ ದನಿಯಲ್ಲಿ ಅಷ್ಟನ್ನೂ ಓದಿ ಹೇಳಿದ.

ಆ ಮೇಜಿನಲ್ಲಿ ಕೂತಿದ್ದವಳಿಗೆ ಫೋಟೊ ವಿಭಾಗದಲ್ಲಿ ಎಲ್ಲರೂ ಭೂತಗನ್ನಡಿ ಎನ್ನುತ್ತಿದ್ದರು. ಹನ್ನೊಂದು ವರ್ಷದ ಸರ್ವೀಸು, ತೋಳಿನ ಮೇಲೆ ಮೂರು ಪಟ್ಟಿ, ಮುಂದಿನ ತಿಂಗಳಿಗೆ ಮೂವತ್ತಮೂರು ವಯಸ್ಸು. ಅವಳು ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು.

"ಯಾವ ದಾರಿ ಮಾಮ?"

"ಯಾವ ದಾರಿ ಅಂತ ನಿನಗೆ ಗೊತ್ತಿಲ್ವಾ?" ಪೆನ್ಸಿಲಿನ ತುದಿಯನ್ನು ಬ್ಲೇಡಿನಿಂದ ಹೆರೆಯುತ್ತ ಮಾಮ ಹೇಳಿದ. "ನಿನ್ನೆ ಸಂಜೆ ನಕ್ಕಿದ್ವಲ್ಲ, ಅದೇ."

ವಿಭಾಗದ ಕೆಲಸ ಸರಳ. ಆಕಾಶದಿಂದ ತೆಗೆದ ಫೋಟೊಗಳು ಬರುತ್ತವೆ. ಸಿಪಾಯಿಗಳು ಅವನ್ನು ನೋಡಿ, ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಆಫೀಸರ್ ಅದನ್ನು ನೋಡಿಕೊಂಡು ಶಾಯಿಯಲ್ಲಿ ವರದಿ ಬರೆದು ಸಹಿ ಹಾಕುತ್ತಾನೆ. ಶಾಯಿಯ ವರದಿ ಮೇಲಕ್ಕೆ ಹೋಗುತ್ತದೆ. ಪೆನ್ಸಿಲ್ ಪ್ರತಿ ಶನಿವಾರ ಕಾಗದ ಕತ್ತರಿಸುವ ಯಂತ್ರದ ಬಾಯಿಗೆ ಹೋಗುತ್ತದೆ. ಸಿಪಾಯಿಗಳು ಪೆನ್ನು ಮುಟ್ಟಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಆದರೆ ಸಾಮಾನುಗಳ ಪಟ್ಟಿಯಲ್ಲಿ ಅವರ ಹೆಸರಿಗೆ ಬರುತ್ತಿದ್ದುದು ಪೆನ್ಸಿಲು ಮಾತ್ರ, ತಲೆಗೆ ವರ್ಷಕ್ಕೆ ಇಪ್ಪತ್ತನಾಲ್ಕು.

ಎರಡು ವರ್ಷದ ಹಿಂದೆ ಬಂದ ಕ್ಯಾಪ್ಟನ್‌ಗೆ ಇಪ್ಪತ್ತಾರು ವರ್ಷ. ಒಳ್ಳೆಯ ಅಕ್ಷರ, ಒಳ್ಳೆಯ ಬೂಟು, ಬೆಣ್ಣೆಯಂಥ ಮಾತು. ಅವನ ವರದಿಗಳಲ್ಲಿ 'ಇದೆ' ಎಂಬುದನ್ನು ಯಾರೂ ಕಂಡವರಿಲ್ಲ. ಸೇತುವೆ 'ಇರಬಹುದು', ಟ್ಯಾಂಕುಗಳು 'ಇರಬಹುದು'. ಒಮ್ಮೆ ಒಂದು ನದಿಯೂ 'ಇರಬಹುದು' ಎಂದು ಹೋಯಿತು. ಆ ನದಿ ಶಾಲೆಯ ಮಕ್ಕಳ ಭೂಪಟದಲ್ಲೂ ಇತ್ತು. ಬೆನ್ನ ಹಿಂದೆ ಅವನ ಹೆಸರೇ ಇರಬಹುದು ಸಾಹೇಬ.

ಮೇಲಿನಿಂದ ತೆಗೆದ ಫೋಟೊದಲ್ಲಿ ಗುಂಡಿಯೂ ದಿಬ್ಬವೂ ಒಂದೇ ಥರ: ಒಂದು ಬದಿ ಬೆಳಕು, ಒಂದು ಬದಿ ನೆರಳು. ಬೆಳಕು ಯಾವಾಗಲೂ ಮೇಲುಗಡೆಯಿಂದ ಬೀಳುತ್ತದೆಂದು ಮನುಷ್ಯನ ಕಣ್ಣು ನಂಬಿಕೊಂಡಿದೆ. ಹಾಗಾಗಿ ನೆರಳು ತಮ್ಮ ಕಡೆಗೆ ಬೀಳುವಂತೆ ಫೋಟೊವನ್ನು ಇಟ್ಟುಕೊಂಡು ಓದಬೇಕು. ಅದನ್ನೇ ತಿರುಗಿಸಿಟ್ಟರೆ ಗುಂಡಿ ಉಬ್ಬಿಕೊಳ್ಳುತ್ತದೆ, ದಿಬ್ಬ ಕುಸಿಯುತ್ತದೆ. ಆ ಪ್ರದೇಶದಲ್ಲಿ ನೆರಳು ಉತ್ತರಕ್ಕೆ ಬೀಳುತ್ತಿದ್ದುದರಿಂದ ಸಿಪಾಯಿಗಳು ಫೋಟೊಗಳನ್ನು ದಕ್ಷಿಣ ಮೇಲಾಗಿ, ತಲೆಕೆಳಗಾಗಿ ಇಟ್ಟು ಓದುತ್ತಿದ್ದರು. ಇದು ತರಬೇತಿಯ ಮೊದಲ ವಾರದ ಪಾಠ. ಕ್ಯಾಪ್ಟನ್ನೂ ಅದನ್ನು ಕಲಿತು ಪಾಸಾಗಿದ್ದವನೇ. ಆದರೆ ಅವನ ಕೋಣೆಯ ಹಲಗೆಯ ಮೇಲೆ ನಕ್ಷೆಗಳೆಲ್ಲ ಉತ್ತರ ಮೇಲಾಗಿ ಇದ್ದವು. ಪಕ್ಕದಲ್ಲಿ ಫೋಟೊಗಳು ತಲೆಕೆಳಗಾಗಿ ನೇತಾಡಿದರೆ ನೋಡುವವರಿಗೆ ಅಶಿಸ್ತಾಗಿ ಕಾಣುತ್ತದೆಂದು, ಅವೂ ಉತ್ತರ ಮೇಲಾಗಿಯೇ ಇರಬೇಕೆಂದು ಬಂದ ಹೊಸದರಲ್ಲೇ ಆದೇಶ ಮಾಡಿದ್ದ. ನೋಡುವವರು ಎಂದರೆ ತಿಂಗಳಿಗೊಮ್ಮೆ ಬಂದು ಹೋಗುವ ಮೇಜರ್.

ನಿನ್ನೆ ನಾಲ್ಕೂಕಾಲಿಗೆ ಬಂದಿದ್ದು ಒಂದೇ ಫೋಟೊ. ಜೋಡಿ ಫೋಟೊ ಬಂದಿದ್ದರೆ ಎರಡು ಕಣ್ಣಿನ ಯಂತ್ರದಡಿ ಇಟ್ಟು ಯಾರು ಬೇಕಾದರೂ ಆಳ ಎತ್ತರ ಹೇಳಬಹುದಿತ್ತು. ಅವಳು ಅದನ್ನು ತಿರುಗಿಸಿಟ್ಟು, ಗಾಜು ಹಿಡಿದು, ಹತ್ತು ನಿಮಿಷ ನೋಡಿ ಬರೆದಳು: 'ದಾರಿಗೆ ಅಡ್ಡ ಹೊಸ ಕಂದಕ. ಅಗಲ ಮೂರು ಮೀಟರ್, ಆಳ ಎರಡು. ಖಚಿತ.' ಫೋಟೊವೂ ಕಾಗದವೂ ಒಳಗೆ ಹೋದವು. ಕ್ಯಾಪ್ಟನ್ ಫೋಟೊವನ್ನು ಹಲಗೆಗೆ ಚುಚ್ಚಿ, ಒಂದು ಹೆಜ್ಜೆ ಹಿಂದೆ ನಿಂತು ನೋಡಿ, ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದ: 'ದಾರಿಗೆ ಅಡ್ಡ ಮಣ್ಣಿನ ತಗ್ಗು ದಿಬ್ಬ ಇರಬಹುದು. ವಾಹನಗಳು ಹತ್ತಿ ದಾಟಬಹುದು.'

ಆರೂವರೆಗೆ ವರದಿಗಳನ್ನು ಒಯ್ಯುವವನು ಬರುತ್ತಿದ್ದ. ಆರು ಹತ್ತಕ್ಕೆ, ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಡುವಾಗ, ಮಾಮ ಟ್ರೇಯಿಂದ ಆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ.

"ಹತ್ತಿ ದಾಟಬಹುದಂತೆ ಕಣಮ್ಮ!"

"ರೆಕ್ಕೆ ಕಟ್ಕೊಂಡ್ರೆ ದಾಟಬಹುದು," ಅವಳು ಹೇಳಿದ್ದಳು.

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು, ಸದ್ದು ಬರದಂತೆ, ಬಾಯಿಗೆ ಕೈ ಅಡ್ಡ ಹಿಡಿದು. ಕ್ಯಾಪ್ಟನ್ ಏಳು ಹೆಜ್ಜೆ ಆಚೆಗೆ, ಅರ್ಧ ತೆರೆದ ಬಾಗಿಲ ಹಿಂದೆ, ಬೂಟಿನ ದೂಳು ಒರೆಸಿಕೊಳ್ಳುತ್ತಿದ್ದ. ಹಿಂದೆ ಮೂರು ಸಲ ಅವಳು ಒಳಗೆ ಹೋಗಿ ತಪ್ಪು ತೋರಿಸಿದ್ದಳು. ಮೂರು ಸಲವೂ ಅವನು "ನಿಮ್ಮ ಅಭಿಪ್ರಾಯ ಗಮನದಲ್ಲಿದೆ" ಎಂದು ನಕ್ಕು ಕಳಿಸಿದ್ದ. ನಾಲ್ಕನೆಯ ಸಲ ಹೋಗಲಿಲ್ಲ. ಮಾಮ ಹಾಳೆಯನ್ನು ಟ್ರೇಗೆ ಹಾಕಿದ. ಅವಳು ಮನೆಗೆ ಹೋದಳು.

ಬೆಳಗಿನ ಸುದ್ದಿಯಲ್ಲಿ ಇನ್ನೊಂದು ವಾಕ್ಯವೂ ಇತ್ತು. ಮಾಮ ಅದನ್ನು ಕೊನೆಗೆ ಓದಿದ. ಲಾರಿಗಳು ದೀಪ ಆರಿಸಿಕೊಂಡು ಹೋಗುತ್ತಿದ್ದವು. ದಿಬ್ಬ ಹತ್ತಬೇಕೆಂದು ಚಾಲಕ ವೇಗ ಹೆಚ್ಚಿಸಿದ್ದ.

*

ಅವಳ ಚೀಲದಲ್ಲಿ ನಾಲ್ಕು ಪುಟದ ಅರ್ಜಿಯೊಂದಿತ್ತು. ಗುಪ್ತಚರ ಪಡೆಯ ಸಿಪಾಯಿಗಳಲ್ಲಿ ಯೋಗ್ಯರಾದವರು ಆಫೀಸರ್ ಹುದ್ದೆಗೆ ಬರಲು ವರ್ಷಕ್ಕೊಮ್ಮೆ ತೆರೆಯುವ ಕಿಂಡಿ ಅದು. ಇವತ್ತು ಸಂಜೆ ನಾಲ್ಕಕ್ಕೆ ಮುಚ್ಚುತ್ತಿತ್ತು. ಮೂವತ್ತಮೂರು ತುಂಬಿದವರಿಗೆ ಅವಕಾಶವಿಲ್ಲ. ಆದ್ದರಿಂದ ಅವಳ ಮಟ್ಟಿಗೆ ಅದು ಶಾಶ್ವತವಾಗಿ ಮುಚ್ಚುತ್ತಿತ್ತು. ಎಲ್ಲ ಕಾಲಮುಗಳೂ ತುಂಬಿದ್ದವು. ಉಳಿದದ್ದು ಎರಡೇ: ಮೇಲಧಿಕಾರಿಯ ಶಿಫಾರಸು, ಮತ್ತು ಕೊನೆಯ ಪುಟದಲ್ಲಿ 'ಅರ್ಜಿದಾರರ ಕೆಲಸದ ಒಂದು ಮಾದರಿಯನ್ನು ಲಗತ್ತಿಸುವುದು'.

ಒಂದು ವಾರದಿಂದ ಅರ್ಜಿ ಚೀಲದಲ್ಲೇ ಓಡಾಡುತ್ತಿತ್ತು. ಸಹಿ ಹಾಕಿಸಿಕೊಳ್ಳಲು ಅವಳು ಒಳಗೆ ಹೋಗಿರಲಿಲ್ಲ. ಆಫೀಸರ್ ಆಗುವುದೆಂದರೆ ಗಾಜನ್ನು ಕೆಳಗಿಟ್ಟು ಎದ್ದು ಹೋಗುವುದು. ಆಫೀಸರ್ ಆಗದಿರುವುದೆಂದರೆ ಇನ್ನು ಹದಿನೈದು ವರ್ಷ ತನಗಿಂತ ಚಿಕ್ಕವರಾದ, ಬೂಟು ಚೆನ್ನಾಗಿರುವ ಒಬ್ಬೊಬ್ಬರಿಗೂ ಪೆನ್ಸಿಲಿನಲ್ಲಿ ಬರೆದು ಕೊಡುವುದು.

ಮಾಮನಿಗೆ ಈ ವಿಷಯದಲ್ಲಿ ಯಾವ ಗೊಂದಲವೂ ಇರಲಿಲ್ಲ. ಅವನಿಗೆ ಎರಡು ಸಲ ಕರೆದು ಕೊಟ್ಟರೂ ಬೇಡವೆಂದಿದ್ದ. "ಆಫೀಸರ್ ಆದ್ರೆ ಫೋಟೊ ನೋಡೋಕೆ ಸಿಗಲ್ಲ, ಫೋಟೊ ಬಗ್ಗೆ ಮಾತಾಡೋಕೆ ಸಿಗುತ್ತೆ," ಎನ್ನುತ್ತಿದ್ದ. "ದಿನಕ್ಕೆ ಮೂರು ಮೀಟಿಂಗು. ಮೂರರಲ್ಲೂ ತಲೆ ಆಡಿಸ್ಬೇಕು. ನನ್ನ ಕತ್ತಿಗೆ ಅದು ಆಗಿಬರಲ್ಲ."

ಎಂಟೂವರೆಗೆ ಕ್ಯಾಪ್ಟನ್ ಅವಳನ್ನು ಒಳಗೆ ಕರೆದ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಕುರ್ಚಿ ಎಳೆದುಕೊಟ್ಟ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿಮ್ಮ ಅರ್ಜಿಗೆ ಇವತ್ತೇ ಕೊನೇ ದಿನ ಅಲ್ವಾ? ನೀವು ಕೇಳ್ಲೇ ಇಲ್ಲ. ಕೊಡಿ ಇಲ್ಲಿ."

ಅವಳು ಹೊರಗೆ ಹೋಗಿ ಅರ್ಜಿ ತಂದಳು. ಅವನು ಪೆನ್ನಿನ ಮುಚ್ಚಳ ತೆಗೆದು, ಒಮ್ಮೆಯೂ ನಿಲ್ಲದೆ ಆರು ಸಾಲು ಬರೆದ. 'ಈಕೆಯದು ಅಸಾಧಾರಣ ಕಣ್ಣು. ಈಕೆಯ ಓದಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆಫೀಸರ್ ಆಗಲು ಎಲ್ಲ ರೀತಿಯಿಂದಲೂ ಅರ್ಹಳು.' ಹೀಗೇ ಮುಂದುವರಿದಿತ್ತು. ಆರು ಸಾಲಿನಲ್ಲಿ ಒಂದು 'ಇರಬಹುದು' ಕೂಡ ಇರಲಿಲ್ಲ. ಮನುಷ್ಯನಿಗೆ ಖಚಿತವಾಗಿ ಬರೆಯಲು ಬರುತ್ತಿತ್ತು ಎಂದು ಅವಳಿಗೆ ಆವತ್ತು ಗೊತ್ತಾಯಿತು.

ಶಾಯಿ ಒಣಗುವವರೆಗೆ ಅವನು ಕಾದ. ಆಮೇಲೆ ಡ್ರಾಯರಿನಿಂದ ನಿನ್ನೆಯ ಪೆನ್ಸಿಲ್ ಪ್ರತಿಯನ್ನು ತೆಗೆದು ಅರ್ಜಿಯ ಮೇಲಿಟ್ಟ.

"ಇದು ನಿಮ್ಮದೇ ಕಾಗದ. ಶನಿವಾರ ಹೇಗೂ ಯಂತ್ರಕ್ಕೆ ಹೋಗೋದು. ಎರಡೂ ನಿಮ್ಮ ಹತ್ರಾನೇ ಇರಲಿ."

"ಇವತ್ತೇ ಯಂತ್ರಕ್ಕೆ ಹಾಕ್ಬೇಕಾ ಸರ್?"

"ನಾನು ಹಾಗೆ ಹೇಳ್ಲಿಲ್ಲ."

"ಮತ್ತೆ?"

"ನಾನು ಏನೂ ಹೇಳ್ಲಿಲ್ಲ." ಅವನು ಪೆನ್ನಿನ ಮುಚ್ಚಳವನ್ನು ತಿರುವಿ ತಿರುವಿ ಬಿಗಿ ಮಾಡಿದ, ಅದು ಆಗಲೇ ಬಿಗಿಯಾಗಿತ್ತು. "ಚಾಲಕ ಹೇಗಿದಾನಂತೆ?"

"ಎಡಗಾಲು ಉಳಿಯೋದು ಅನುಮಾನ ಅಂತೆ ಸರ್."

"ಛೆ." ಅವನು ಹಲಗೆಯ ಕಡೆ ನೋಡಿದ. ಫೋಟೊ ಅಲ್ಲೇ ಇತ್ತು, ಉತ್ತರ ಮೇಲಾಗಿ. "ನೀವೇ ಹೇಳಿ, ದಿಬ್ಬದ ಥರಾನೇ ಕಾಣಲ್ವಾ?"

"ಹಾಗಿಟ್ರೆ ಕಾಣುತ್ತೆ ಸರ್."

ಕೈ ಚಾಚಿದರೆ ಫೋಟೊ ಸಿಗುತ್ತಿತ್ತು. ಒಂದು ಮೊಳೆ ಕಿತ್ತು ಅರ್ಧ ಸುತ್ತು ತಿರುಗಿಸಿದ್ದರೆ ಸಾಕಿತ್ತು. ಅವನು ತಿರುಗಿಸಲಿಲ್ಲ. ಲಂಚ ಕೊಡುವವನಿಗಾದರೂ ಕೇಳುವ ಧೈರ್ಯ ಇರುತ್ತದೆ. ಈತನಿಗೆ ಅದೂ ಇಲ್ಲವಲ್ಲ ಎಂದುಕೊಂಡು ಅವಳು ಎರಡೂ ಕಾಗದ ಎತ್ತಿಕೊಂಡಳು. ಅರ್ಜಿ ಚೀಲಕ್ಕೆ ಹೋಯಿತು. ಪೆನ್ಸಿಲ್ ಪ್ರತಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

*

ಮೇಜರ್ ಬಂದಿದ್ದು ಹನ್ನೊಂದು ಐದಕ್ಕೆ. ಕೂರಲಿಲ್ಲ. ನಿಂತಲ್ಲೇ ಶಾಯಿಯ ವರದಿಯನ್ನು ತರಿಸಿಕೊಂಡು ಕನ್ನಡಕವನ್ನು ಹಣೆಗೇರಿಸಿ ಓದಿದ.

"'ಇರಬಹುದು' ಅಂತ ಇದೆಯಲ್ರೀ."

"ಹೌದು ಸರ್," ಕ್ಯಾಪ್ಟನ್ ಹೇಳಿದ.

"'ಇದೆ' ಅಂತ ಇಲ್ಲ."

"ಇಲ್ಲ ಸರ್."

"ಮತ್ತೆ ಇದರಲ್ಲಿ ತಪ್ಪೇನು ಬಂತು? ಇರಬಹುದು ಅಂದ ಮೇಲೆ ಇಲ್ಲದೇನೂ ಇರಬಹುದು. ಲಾರಿಯವರು ಇಳಿದು ನೋಡ್ಬೇಕಿತ್ತು. ಯಾರೂ ಸತ್ತಿಲ್ವಲ್ಲ?"

"ಇಲ್ಲ ಸರ್."

ಮೇಜರ್ ಕನ್ನಡಕವನ್ನು ಕೆಳಗಿಳಿಸಿ ಸಿಪಾಯಿಗಳ ಕಡೆ ನೋಡಿದ. "ಪೆನ್ಸಿಲ್ ಪ್ರತಿ ಯಾರದ್ದು?"

"ನನ್ನದು ಸರ್," ಅವಳು ಹೇಳಿದಳು.

"ಎಲ್ಲಿದೆ?"

ಕ್ಯಾಪ್ಟನ್ ತನ್ನ ಬೂಟು ನೋಡಿಕೊಂಡ. ಮಾಮ ಚಾವಣಿಯ ಫ್ಯಾನು ನೋಡಿದ. ಜೇಬಿನೊಳಗೆ ಮಡಚಿದ ಕಾಗದದ ಅಂಚು ಅವಳ ಎದೆಗೆ ಒತ್ತುತ್ತಿತ್ತು.

"ಹುಡುಕ್ಬೇಕು ಸರ್."

"ಇರಲಿ ಬಿಡು, ಹುಡುಕೋ ತಾಪತ್ರಯ ಬೇಡ," ಎಂದು ಮೇಜರ್ ತುಂಬ ಸಂತೋಷದಿಂದ ಹೇಳಿದ. ಅವನ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿದಾಗ ಗಡಿಯಾರದಲ್ಲಿ ಹನ್ನೊಂದು ಹದಿನಾರು. ಒಂದು ಕಾಲಿನ ವಿಚಾರಣೆ ಹನ್ನೊಂದು ನಿಮಿಷದಲ್ಲಿ ಮುಗಿದಿತ್ತು.

ಕ್ಯಾಪ್ಟನ್ ಮೇಜರ್ ಹಿಂದೆಯೇ ಹೋಗಿದ್ದ. ಕೋಣೆಯಲ್ಲಿ ಇಬ್ಬರೇ ಉಳಿದ ಮೇಲೆ ಮಾಮ ಎದ್ದು ಬಂದು ಅವಳ ಬೆನ್ನು ತಟ್ಟಿದ.

"ಭೇಷ್ ಕಣೆ ಹುಡುಗಿ. ಅವರ ಕೈಗೆ ಕೊಡಲಿಲ್ಲ ನೀನು. ಬಾ, ನಿನಗೊಂದು ತೋರಿಸ್ತೀನಿ. ಇಲ್ಲಿವರೆಗೆ ಯಾರಿಗೂ ತೋರಿಸಿಲ್ಲ."

ಹಳೆಯ ನಕ್ಷೆಗಳ ಕಬ್ಬಿಣದ ಬೀರು ಗೋಡೆಯ ಮೂಲೆಯಲ್ಲಿತ್ತು. ಮಾಮ ಮಂಡಿಯೂರಿ ಕೂತು, ಕೆಳಗಿನ ಅರೆಯಲ್ಲಿದ್ದ ಸುರುಳಿಗಳನ್ನು ಪಕ್ಕಕ್ಕೆ ಸರಿಸಿದ. ಹಿಂದೆ ದಾರದಿಂದ ಕಟ್ಟಿದ ಕಾಗದದ ಕಟ್ಟುಗಳು, ಸಾಲಾಗಿ. ಹದಿನಾಲ್ಕು. ಒಂದೊಂದು ಕಟ್ಟು ಒಬ್ಬೊಬ್ಬ ಆಫೀಸರನದು. ಎಲ್ಲವೂ ಪೆನ್ಸಿಲ್ ಪ್ರತಿಗಳು, ಯಂತ್ರಕ್ಕೆ ಹೋಗಬೇಕಾಗಿದ್ದವು.

"ಇಪ್ಪತ್ತೆರಡು ವರ್ಷದ್ದು. ನಾನು ಸರಿ ಇದ್ದು ಅವರು ತಪ್ಪಿದ್ದು ಮಾತ್ರ ಇಟ್ಟಿದೀನಿ. ಇದು ನೋಡು, ಈಗ ದೊಡ್ಡ ಆಫೀಸಲ್ಲಿ ಕೂತಿದಾನಲ್ಲ ಜನರಲ್ಲು, ಅವನದ್ದು. ಹದಿನೇಳು ಸಲ! ಇದು ಆ ಗುಂಗುರು ಕೂದಲಿನವನದ್ದು, ಒಂಬತ್ತು. ಪಾಪ, ಅವನು ಪರವಾಗಿರಲಿಲ್ಲ."

ಅವನ ಮುಖ ಅರಳಿತ್ತು. ಅವಳು ಅವನನ್ನು ಅಷ್ಟು ಖುಷಿಯಾಗಿ ಎಂದೂ ನೋಡಿರಲಿಲ್ಲ.

"ಇದನ್ನೆಲ್ಲ ಯಾರಿಗೆ ತೋರಿಸ್ತೀಯ ಮಾಮ?"

"ಯಾರಿಗೆ ಯಾಕೆ ತೋರಿಸ್ಬೇಕು? ನನಗೆ ಗೊತ್ತಲ್ಲ, ಸಾಲದಾ?"

ಅವಳು ಒಂದು ಕಟ್ಟಿನ ಮೇಲಿನ ಹಾಳೆ ತೆಗೆದಳು. ಮಾಸಿದ ಪೆನ್ಸಿಲಿನಲ್ಲಿ 'ಸೇತುವೆಯ ಎರಡನೇ ಕಂಬ ಮುರಿದಿದೆ. ಖಚಿತ' ಎಂದಿತ್ತು.

"ಇದರಲ್ಲಿ ಏನಾಯ್ತು?"

"ಆರು ಜನ." ಮಾಮ ಹಾಳೆಯನ್ನು ಹುಷಾರಾಗಿ ಅವಳ ಕೈಯಿಂದ ತೆಗೆದುಕೊಂಡು ಅದರ ಜಾಗಕ್ಕೆ ಸೇರಿಸಿದ. "ಅದಾದ ಮೂರೇ ತಿಂಗಳಿಗೆ ಅವನಿಗೆ ಬಡ್ತಿ ಬಂತು ನೋಡು! ಬಡ್ತಿ! ನನಗೆ ಈಗ್ಲೂ ಅದನ್ನ ನೆನೆಸ್ಕೊಂಡ್ರೆ ಮೈ ಉರಿಯುತ್ತೆ."

ಬಡ್ತಿಗೆ ಉರಿಯುತ್ತಿತ್ತು ಅವನ ಮೈ. ಹನ್ನೊಂದು ವರ್ಷ ಅವಳು ತನ್ನ ಬಳಿ ಇದ್ದ ತಿರಸ್ಕಾರವನ್ನೆಲ್ಲ ಆ ಒಂದು ಕೋಣೆಗೇ ಸುರಿದಿದ್ದಳು, ಹಲಗೆ ಇರುವ ಕೋಣೆಗೆ. ಈಗ ಮಂಡಿಯೂರಿ ಕೂತ ಈ ಐವತ್ತೆರಡು ವಯಸ್ಸಿನ ಮನುಷ್ಯನ ಬೋಳಾಗುತ್ತಿರುವ ನೆತ್ತಿಯನ್ನು ಮೇಲಿನಿಂದ ನೋಡುತ್ತ ನಿಂತಳು. ಇಪ್ಪತ್ತೆರಡು ವರ್ಷ ತಪ್ಪಿಲ್ಲದೆ ಓದಿದವನು. ಒಂದು ಸಲವೂ ಏಳು ಹೆಜ್ಜೆ ನಡೆಯದವನು. ಅವಳೇನು, ಮೂರು ಸಲ ನಡೆದು ಸುಸ್ತಾದವಳು.

"ಕೊಡು ನಿನ್ನದೂ. ಇರಬಹುದು ಸಾಹೇಬನ ಕಟ್ಟಿಗೆ ಹಾಕ್ತೀನಿ. ಇಪ್ಪತ್ತಮೂರನೇದು ಆಗುತ್ತೆ." ಮಾಮ ಕೈ ಚಾಚಿದ. "ಆ ಅರ್ಜಿ ಹರಿದು ಬಿಸಾಕು. ಸಿಪಾಯಿಯಾಗೇ ಇರು. ಜೀವಮಾನ ಪೂರ್ತಿ ಯಾರೂ ನಿನ್ನನ್ನ 'ತಪ್ಪು ಮಾಡ್ದೆ' ಅನ್ನೋ ಹಾಗಿಲ್ಲ. ಅದಕ್ಕಿಂತ ಸುಖ ಇದೆಯಾ?"

"ನನ್ನ ಹತ್ರಾನೇ ಇರಲಿ ಮಾಮ," ಎಂದಳು. ಕ್ಯಾಪ್ಟನ್ ಹೇಳಿದ್ದ ಮಾತೇ ತನ್ನ ಬಾಯಿಂದ ಬಂದದ್ದು ಆಮೇಲೆ ಹೊಳೆಯಿತು.

*

ಮನೆ ಕ್ವಾರ್ಟರ್ಸಿನ ಮೂರನೇ ಸಾಲಿನಲ್ಲಿತ್ತು, ನಡೆದರೆ ಆರು ನಿಮಿಷ. ಅಪ್ಪ ಊಟಕ್ಕೆ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದ. ಮೂವತ್ತು ವರ್ಷ ಆಫೀಸರ್‌ಗಳ ಮೆಸ್ಸಿನಲ್ಲಿ ಬಡಿಸಿದವನು. ಮನೆಯಲ್ಲೂ ತಟ್ಟೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಎರಡು ಬೆರಳು ಬಿಟ್ಟು ಇಡುತ್ತಿದ್ದ, ಎಡಗಡೆಯಿಂದಲೇ ಬಡಿಸುತ್ತಿದ್ದ.

"ಸಹಿ ಆಯ್ತ?"

"ಆಯ್ತು."

"ಏನು ಬರೆದಿದಾನೆ? ಓದು ನೋಡೋಣ."

ಓದಿದಳು. ಅಪ್ಪ ಸೌಟು ಹಿಡಿದುಕೊಂಡೇ ನಿಂತು ಕೇಳಿದ. ಕಣ್ಣು ಮಿಟುಕಿಸಿದ.

"ನಾನು ಹೇಳ್ಲಿಲ್ವಾ? ಮೂವತ್ತು ವರ್ಷ ಅವರ ಕುರ್ಚಿ ಹಿಂದೆ ನಿಂತು ಅವರ ಮಾತು ಕೇಳಿದೀನಿ ಮಗಳೇ. ಒಬ್ಬನಿಗೂ ನಿನ್ನ ಅರ್ಧ ಬುದ್ಧಿ ಇಲ್ಲ. ಅದಕ್ಕೇ ಹೇಳೋದು, ಹೋಗು ಅಂತ. ಸುಲಭದ ಕೆಲಸ."

"ಅವರು ತಪ್ಪು ಮಾತಾಡ್ತಿದ್ರೆ ನಿನಗೆ ಗೊತ್ತಾಗ್ತಿತ್ತಾ ಅಪ್ಪ?"

"ಗೊತ್ತಾಗದೆ ಏನು. ನಾನೇನು ಮರದ ಕುರ್ಚೀನಾ? ಒಂದ್ಸಲ ಒಬ್ಬ ಕರ್ನಲ್ಲು ಊಟ ಮಾಡ್ತಾ ಮಾಡ್ತಾ, ಉಪ್ಪಿನ ಡಬ್ಬಿ, ಚಮಚ ಎಲ್ಲ ಜೋಡಿಸ್ಕೊಂಡು ಒಂದು ಹೊಳೆ ದಾಟೋದು ಹೇಗೆ ಅಂತ ವಿವರಿಸ್ತಿದ್ದ. ನಮ್ಮೂರಿನ ಪಕ್ಕದ ಹೊಳೆ! ಆ ತಿಂಗಳಲ್ಲಿ ಅಲ್ಲಿ ಆಳೆತ್ತರ ನೀರು ಅಂತ ನಮ್ಮ ಕಡೆ ಎಮ್ಮೆಗೂ ಗೊತ್ತು."

"ಹೇಳಿದ್ಯಾ?"

"ತಟ್ಟೆ ಹಿಡಿದವನು ಮಾತಾಡ್ತಾನೇನೇ?" ಅಪ್ಪ ಸೌಟು ಆಡಿಸಿದ. "ಒಳಗೆ ಹೋಗಿ ಅಡುಗೆಯವನಿಗೆ ಹೇಳಿದೆ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅವನಂತೂ ನಗು ತಡೀಲಾರದೆ ಸಾರಿನ ಪಾತ್ರೆ ಬೀಳಿಸ್ಬಿಟ್ಟ."

"ಆಮೇಲೆ?"

"ಆಮೇಲೆ ಏನು?"

"ಹೊಳೆ ದಾಟಿದ್ರಾ?"

ಅಪ್ಪ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ. ಅವಳು ಬೇಡವೆಂದು ಕೈ ಅಡ್ಡ ಹಿಡಿದಿದ್ದನ್ನು ಅವನು ನೋಡಲಿಲ್ಲ.

"ಅವರು ದಾಟಿದ ದಿನದಿಂದ ಮೇಜಿನ ಮೇಲೆ ಎರಡು ತಟ್ಟೆ ಕಡಿಮೆ ಇಡ್ತಿದ್ದೆ," ಎಂದ. "ಊಟ ಮಾಡು. ಆರಿಹೋಗುತ್ತೆ."

ಅವಳು ಕೈ ತೊಳೆದು ಬರುವ ಹೊತ್ತಿಗೆ ಅಪ್ಪ ಒಳಗಿನಿಂದ ಉದ್ದನೆಯ ಡಬ್ಬಿಯೊಂದನ್ನು ತಂದಿದ್ದ. ನಿವೃತ್ತಿಯ ದಿನ ಮೆಸ್ಸಿನವರು ಕೊಟ್ಟ ಪೆನ್ನು. ಹೊದಿಸಿದ ಬಟ್ಟೆಯ ಮೇಲೆ ಪೆನ್ನಿನ ಆಕಾರದ ಗೆರೆ ಬಿದ್ದಿತ್ತು. ಆರು ವರ್ಷದಲ್ಲಿ ಅದರಿಂದ ಯಾರೂ ಒಂದಕ್ಷರ ಬರೆದಿರಲಿಲ್ಲ.

"ಬೆಳಗ್ಗೆ ಇಂಕು ತುಂಬಿಸಿಟ್ಟಿದೀನಿ. ನಿನ್ನ ಸಹಿ ಇದರಲ್ಲೇ ಹಾಕು. ನನ್ನ ಕೈ ತಟ್ಟೆ ಹಿಡಿದಿದ್ದು ಸಾಕು."

ಅವಳು ಅರ್ಜಿಗೆ ಸಹಿ ಹಾಕಿದಳು. ಅಪ್ಪ ಅದನ್ನು ದೂರ ಹಿಡಿದು ನೋಡಿ, ಹೂಂ ಎಂದು ಒಳಗೆ ಪಾತ್ರೆ ತೊಳೆಯಲು ಹೋದ. ನಲ್ಲಿಯ ಸದ್ದು ಶುರುವಾದ ಮೇಲೆ ಅವಳು ಜೇಬಿನ ಗುಂಡಿ ಬಿಚ್ಚಿದಳು. ನಾಲ್ಕು ಮಡಿಕೆಯ ಕಾಗದವನ್ನು ಮೇಜಿನ ಮೇಲೆ ಹರಡಿ, ಅಂಗೈಯಲ್ಲಿ ನೀವಿ, ಪೆನ್ಸಿಲಿನ ಸಾಲಿನ ಕೆಳಗೆ ಅದೇ ಪೆನ್ನಿನಿಂದ ಬರೆಯತೊಡಗಿದಳು. ಪೆನ್ನು ಮೊದಲ ಅಕ್ಷರಕ್ಕೆ ತಡವರಿಸಿತು. ಆಮೇಲೆ ಸರಾಗವಾಗಿ ಓಡಿತು.

*

ಅರ್ಜಿಗಳನ್ನು ತೆಗೆದುಕೊಳ್ಳುವ ಕಿಂಡಿ ಮುಖ್ಯ ಕಚೇರಿಯ ಕೆಳಮಹಡಿಯಲ್ಲಿತ್ತು. ಮೂರು ನಲವತ್ತಕ್ಕೆ ಅಲ್ಲಿ ಅವಳ ಮುಂದೆ ಯಾರೂ ಇರಲಿಲ್ಲ. ದಾರಿಯಲ್ಲಿ ಆಸ್ಪತ್ರೆಗೆ ಫೋನು ಮಾಡಿದ್ದಳು. ಚಾಲಕನ ಎಡಗಾಲನ್ನು ಎರಡು ಗಂಟೆಗೆ ಮಂಡಿಯ ಕೆಳಗೆ ತೆಗೆದಿದ್ದರು. ನೀವು ಅವರಿಗೆ ಏನಾಗಬೇಕು ಎಂದು ಆ ಕಡೆಯ ದನಿ ಕೇಳಿತ್ತು. ಅವಳು ಫೋನು ಇಟ್ಟಿದ್ದಳು.

ಗುಮಾಸ್ತ ಹೆಬ್ಬೆರಳಿಗೆ ರಬ್ಬರಿನ ಟೋಪಿ ಹಾಕಿಕೊಂಡು ಪುಟ ತಿರುವಿದ. ಜನ್ಮದಿನಾಂಕ, ಸರ್ವೀಸು, ಶಿಫಾರಸು.

"ಅಬ್ಬಾ, ಏನಮ್ಮಾ ಶಿಫಾರಸು ಇದು! ಹುದ್ದೆ ನಿಮ್ಮದೇ ಬಿಡಿ." ಕೊನೆಯ ಪುಟಕ್ಕೆ ಬಂದ. ಪಿನ್ನು ಹಾಕಿದ್ದ ಹಾಳೆಯನ್ನು ಬೆರಳ ತುದಿಯಿಂದ ಎತ್ತಿದ. "ಇದೇನಿದು? ಮಾದರಿ ಕೆಲಸ ಅಂದ್ರೆ ಎಲ್ಲ ನೀಟಾಗಿ ಟೈಪು ಮಾಡಿಸಿ, ಅಂಚು ಕಟ್ಟಿಸಿ ತರ್ತಾರೆ. ಒಬ್ಬರು ನಿನ್ನೆ ಬಣ್ಣದ ನಕ್ಷೆ ಕೊಟ್ಟು ಹೋದ್ರು, ಮದುವೆ ಆಲ್ಬಮ್ಮಿನ ಹಾಗಿತ್ತು. ನೀವು ನೋಡಿದ್ರೆ ಹರಕು ಕಾಗದ, ಪೆನ್ಸಿಲು!"

"ಕೆಲಸ ಅದೇ."

ಅವನು ಕನ್ನಡಕ ಸರಿಮಾಡಿಕೊಂಡು ಓದಿದ. ಮೊದಲು ಪೆನ್ಸಿಲಿನ ಸಾಲು. ಆಮೇಲೆ ಕೆಳಗಿನ ಶಾಯಿ, ಅದು ಐದೇ ಸಾಲು.

'ಮೇಲಿನದು ನನ್ನ ಓದು. ಸರಿಯಾಗಿತ್ತು. ಸಂಜೆ ಆರು ಹತ್ತಕ್ಕೆ ಇದಕ್ಕೆ ವಿರುದ್ಧವಾದ ವರದಿಯನ್ನು ಟ್ರೇಯಲ್ಲಿ ನೋಡಿದೆ. ತಪ್ಪೆಂದು ಗೊತ್ತಿತ್ತು. ಅದನ್ನು ತಡೆಯಲು ಇಪ್ಪತ್ತು ನಿಮಿಷ ಇತ್ತು. ನಾನು ನಕ್ಕು ಮನೆಗೆ ಹೋದೆ. ಬೆಳಗ್ಗೆ ಮೇಜರ್ ಈ ಕಾಗದ ಕೇಳಿದಾಗ ಹುಡುಕಬೇಕು ಎಂದು ಸುಳ್ಳು ಹೇಳಿದೆ; ಅದು ನನ್ನ ಜೇಬಿನಲ್ಲಿತ್ತು.'

ಕೆಳಗೆ ಸಹಿ, ತಾರೀಕು, ಗಂಟೆ.

ಗುಮಾಸ್ತ ಎರಡನೆಯ ಸಲ ಓದಿದ. ರಬ್ಬರಿನ ಟೋಪಿಯನ್ನು ಹೆಬ್ಬೆರಳಿನಿಂದ ತೆಗೆದು ಮೇಜಿನ ಮೇಲಿಟ್ಟ. ಅತ್ತಿತ್ತ ನೋಡಿ ಕಿಂಡಿಯ ಹತ್ತಿರಕ್ಕೆ ಬಗ್ಗಿದ.

"ನೋಡಿಮ್ಮಾ, ನನ್ನ ತಂಗಿ ಅಂದ್ಕೊಂಡು ಹೇಳ್ತೀನಿ. ಇದನ್ನ ಕಿತ್ತು ಇಟ್ಕೊಳ್ಳಿ. ಬೇರೆ ಏನಾದ್ರೂ ತನ್ನಿ, ಇನ್ನೂ ಟೈಮಿದೆ, ನಾನು ನಾಲ್ಕೂಹತ್ತರವರೆಗೂ ಇರ್ತೀನಿ. ಇದು ಆಯ್ಕೆ ಮಂಡಳಿಗೆ ನೇರ ಹೋಗೋದು. ಮಧ್ಯದಲ್ಲಿ ಯಾರೂ ತೆಗೆಯೋ ಹಾಗಿಲ್ಲ."

"ಗೊತ್ತು."

"ಮುದ್ರೆ ಹೊಡೆದ ಮೇಲೆ ವಾಪಸ್ ಕೇಳಿದ್ರೆ ಬರಲ್ಲ."

"ಹೊಡೀರಿ. ಲಗತ್ತು ಒಂದು ಅಂತ ಬರೀರಿ."

ಅವನು ಲಕೋಟೆಗೆ ಅರಗು ಹಾಕಿದ. ಮುದ್ರೆ ಒತ್ತಿದ. ರಸೀದಿಯಲ್ಲಿ ಮೂರು ನಲವತ್ತೇಳು ಎಂದು ಬರೆದು, 'ಲಗತ್ತು: ಒಂದು' ಎಂಬುದರ ಕೆಳಗೆ ತಾನಾಗಿಯೇ ಎರಡು ಗೆರೆ ಎಳೆದ.

*

ಹದಿನೆಂಟನೆಯ ದಿನ ಅವಳ ಹೆಸರಿಗೆ ಎರಡು ಲಕೋಟೆಗಳು ಬಂದವು. ಒಂದು ಆಯ್ಕೆ ಮಂಡಳಿಯದು, ಸಂದರ್ಶನಕ್ಕೆ ಕರೆದಿತ್ತು. ಇನ್ನೊಂದು ವಿಚಾರಣಾ ಮಂಡಳಿಯದು. ಎರಡೂ ಮುಂದಿನ ಗುರುವಾರ ಬೆಳಗ್ಗೆ ಹತ್ತಕ್ಕೆ, ಬೇರೆ ಬೇರೆ ಕಟ್ಟಡಗಳಲ್ಲಿ. ಮಾಮ ಎರಡನ್ನೂ ಓದಿ ಪೆನ್ಸಿಲು ಹೆರೆಯಲು ಕೂತ. ಆ ಹೊತ್ತಿಗೆ ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ ನಕ್ಷೆಯ ಸುರುಳಿಗಳು ಮಾತ್ರ ಇದ್ದವು. ಕಟ್ಟುಗಳು ಎಲ್ಲಿ ಹೋದವೆಂದು ಅವಳು ಕೇಳಲಿಲ್ಲ. ಹಿಂದಿನ ಶನಿವಾರ ಯಂತ್ರ ಮಧ್ಯಾಹ್ನದವರೆಗೂ ಓಡಿತ್ತು.

ಗುರುವಾರ ಅಪ್ಪ ಅಂಗಿಗೆ ಇಸ್ತ್ರಿ ಮಾಡಿಕೊಟ್ಟ. ಯಾವ ಕಟ್ಟಡಕ್ಕೆ ಎಂದು ಕೇಳಲಿಲ್ಲ.

ಅವಳು ಒಂಬತ್ತು ಐವತ್ತಕ್ಕೆ ವಿಚಾರಣೆಯ ಕೋಣೆಗೆ ಹೋದಳು. ಮಂಡಳಿಯವರು ಇನ್ನೂ ಬಂದಿರಲಿಲ್ಲ. ಉದ್ದನೆಯ ಮೇಜಿನ ಆ ಬದಿಗೆ ಐದು ಕುರ್ಚಿ, ಐದು ಲೋಟ ನೀರು, ಐದು ಪೆನ್ನು ಇದ್ದವು. ಈ ಬದಿಗೆ ಒಂದು ಕುರ್ಚಿ. ಐವರು ಕೂರುವ ಕಡೆಗೆ ಸರಿಯಾಗಿ ಕಾಣುವಂತೆ ನಡುವೆ ಫೋಟೊ ಇಟ್ಟಿದ್ದರು, ಉತ್ತರ ಮೇಲಾಗಿ.

ಅವಳು ಮೇಜನ್ನು ಸುತ್ತಿ ಆ ಬದಿಗೆ ಹೋದಳು. ಫೋಟೊವನ್ನು ಅರ್ಧ ಸುತ್ತು ತಿರುಗಿಸಿ ಇಟ್ಟಳು. ಆಮೇಲೆ ಈ ಬದಿಗೆ ಬಂದು ಒಂಟಿ ಕುರ್ಚಿಯಲ್ಲಿ ಕೂತಳು.